ಚೊಂಬಲ್ಲಿ ಉಳಿದ ನೀರು

ಎಲ್ಲರಿಗೂ ನಮಸ್ಕಾರ. ಬೌದ್ಧ ವಿಹಾರದ ದಿನನಿತ್ಯದ ಬದುಕಿನ ಬಗ್ಗೆ ಅವತ್ತು ಉಪನ್ಯಾಸದಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು. ರೆಕಾರ್ಡಿಂಗ್ ಕೇಳಿಕೊಂಡು ಹೆಚ್ಚೂಕಡಿಮೆ ಹೇಳಿದ ಹಾಗೇ ಟೈಪ್ ಮಾಡಿದೀನಿ, ಎಲ್ಲೆಲ್ಲಿ ಮಾತು ದಾರಿ ತಪ್ಪಿ ಇನ್ನೆಲ್ಲೋ ಹೋಗಿತ್ತೋ ಅಲ್ಲಿ ಸ್ವಲ್ಪ ಕತ್ತರಿ ಹಾಕಿದೀನಿ, ಪೂರ್ತಿ ಹಾಕಕ್ಕೆ ಮನಸ್ಸು ಬರ್ಲಿಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಭಿಕ್ಷು ಅಲ್ಲ, ಪಾಲಿ ಪಂಡಿತನೂ ಅಲ್ಲ, ವಿನಯ ಪಿಟಕ, ಅಂದ್ರೆ ಭಿಕ್ಷುಗಳ ನಿಯಮಗಳ ಪಾಲಿ ಗ್ರಂಥ, ಅದನ್ನ ಓದೋ ಹುಚ್ಚು ಹತ್ತಿಸಿಕೊಂಡಿರೋ ಮನುಷ್ಯ ಅಷ್ಟೇ. ಬೌದ್ಧ ವಿಹಾರ ಅಂದ ತಕ್ಷಣ ನಮ್ಮ ತಲೇಲಿ ಒಂದು ಫೋಟೋ ಬರುತ್ತೆ ನೋಡಿ, ಕಣ್ಣು ಮುಚ್ಚಿ ಕೂತಿರೋ ಭಿಕ್ಷುಗಳು, ಎಲ್ಲೋ ಒಂದು ಗಂಟೆ ಸದ್ದು, ಧೂಪ, ಶಾಂತಿ. ಅದೂ ಇದೆ, ಸುಳ್ಳಲ್ಲ. ಆದ್ರೆ ಸ್ವಲ್ಪ ಯೋಚನೆ ಮಾಡಿ, ನೂರಾರು ಜನ ಬೇರೆ ಬೇರೆ ಊರಿಂದ, ಬೇರೆ ಬೇರೆ ಜಾತಿಯಿಂದ, ಬೇರೆ ಬೇರೆ ಸಿಟ್ಟು ಸೆಡವು ಇಟ್ಕೊಂಡು ಬಂದವರು ಒಂದೇ ಕಾಂಪೌಂಡಲ್ಲಿ ವರ್ಷಗಟ್ಟಲೆ ಇರ್ಬೇಕು, ಯಾರಿಗೆ ಯಾವ ರೂಮು, ಯಾರು ನೀರು ತುಂಬಬೇಕು, ಪಕ್ಕದವನು ಗೊರಕೆ ಹೊಡೆದ್ರೆ ಏನ್ ಮಾಡೋದು. ಹಾಸ್ಟೆಲ್‌ನಲ್ಲಿ ಇದ್ದು ಬಂದವರಿಗೆ ಗೊತ್ತು ನಾನೇನು ಹೇಳ್ತಿದೀನಿ ಅಂತ. ಅದಕ್ಕೇ ಇವತ್ತು ಧ್ಯಾನದ ಹಾಲಿಂದ ಶುರು ಮಾಡಲ್ಲ, ಟಾಯ್ಲೆಟ್ಟಿಂದ ಶುರು ಮಾಡ್ತೀನಿ. ನಗಬೇಡಿ, ಸಂಘದ ಅತಿ ದೊಡ್ಡ ಜಗಳಗಳಲ್ಲಿ ಒಂದು ಅಲ್ಲಿಂದಾನೇ ಶುರುವಾಗಿದ್ದು.

ಯಮುನಾ ನದಿ ದಡದಲ್ಲಿ ಕೌಶಾಂಬಿ ಅಂತ ಪಟ್ಟಣ, ಅಲ್ಲಿ ಘೋಷಿತ ಅನ್ನೋ ಶ್ರೀಮಂತ ವ್ಯಾಪಾರಿ ಕಟ್ಟಿಸಿಕೊಟ್ಟ ವಿಹಾರ ಘೋಷಿತಾರಾಮ. ಅಲ್ಲಿ ಇಬ್ಬರು ದೊಡ್ಡ ಗುರುಗಳಿದ್ರು, ಒಬ್ರು ಧರ್ಮ ಪ್ರವಚನದಲ್ಲಿ ಎತ್ತಿದ ಕೈ, ಇನ್ನೊಬ್ರು ವಿನಯದಲ್ಲಿ, ಅಂದ್ರೆ ರೂಲ್ಸ್ ವಿಷಯದಲ್ಲಿ. ಒಂದಿನ ಪ್ರವಚನದವರು ಶೌಚಕ್ಕೆ ಹೋಗಿ, ತೊಳ್ಕೊಳೋ ಚೊಂಬಲ್ಲಿ ಒಂಚೂರು ನೀರು ಉಳಿಸಿ ಹೊರಗೆ ಬಂದ್ರು. ಹಿಂದೇನೇ ಹೋದ ವಿನಯದವರು ನೋಡಿದ್ರು. "ನೀರು ಬಿಟ್ಟಿದ್ದು ನೀವಾ?" "ಹೌದು." "ಅದು ಆಪತ್ತಿ (ನಿಯಮ ಮುರಿದ ತಪ್ಪು) ಅಂತ ಗೊತ್ತಿಲ್ವಾ?" "ಗೊತ್ತಿರ್ಲಿಲ್ಲ, ಆಪತ್ತಿ ಆದ್ರೆ ಪ್ರಾಯಶ್ಚಿತ್ತ ಮಾಡ್ಕೋತೀನಿ." "ಬೇಕಂತ ಮಾಡಿಲ್ಲ ಅಂದ್ರೆ ಆಪತ್ತಿ ಇಲ್ಲ ಬಿಡಿ." ಇಲ್ಲಿಗೆ ಮುಗೀಬೇಕಿತ್ತು ಅಲ್ವಾ? ಮುಗೀಲಿಲ್ಲ. ವಿನಯದವರು ರೂಮಿಗೆ ಹೋಗಿ ಶಿಷ್ಯರ ಮುಂದೆ "ಆ ಪ್ರವಚನದವನಿಗೆ ತಾನು ಆಪತ್ತಿ ಮಾಡಿದ್ದು ಕೂಡ ಗೊತ್ತಾಗಲ್ಲ" ಅಂದ್ಬಿಟ್ರು. ಶಿಷ್ಯರು ಆ ಕಡೆ ಶಿಷ್ಯರಿಗೆ ಹೇಳಿದ್ರು, ಅವರು ಅವರ ಗುರುಗಳಿಗೆ ಹೇಳಿದ್ರು, ಅವರು "ಆಗ ಆಪತ್ತಿ ಇಲ್ಲ ಅಂದ, ಈಗ ಇದೆ ಅಂತಾನೆ, ಸುಳ್ಳುಗಾರ" ಅಂದ್ರು. ಆಮೇಲೆ ಪ್ರವಚನದವರಿಗೆ ಅಮಾನತು, ಎರಡು ಬಣ, ದಾನ ಕೊಡೋ ದಾಯಕರಲ್ಲೂ ಎರಡು ಬಣ. ಚೊಂಬಿನ ವಿವರ ಬರೋದು ಅಟ್ಠಕಥೆ ಅನ್ನೋ ಆಮೇಲಿನ ವ್ಯಾಖ್ಯಾನದಲ್ಲಿ, ಜಗಳದ ಕಥೆ ಮೂಲ ವಿನಯದಲ್ಲೇ ಇದೆ. ಬುದ್ಧ ಬಂದು ಜಗಳ ಬೇಡ ಅಂತ ಮತ್ತೆ ಮತ್ತೆ ಹೇಳಿದ್ರೂ "ನೀವು ಆರಾಮಾಗಿರಿ ಭಗವಾನ್, ಈ ಜಗಳ ನಾವು ನೋಡ್ಕೋತೀವಿ" ಅಂತ ಅವರಿಗೇ ಹೇಳಿ ಕಳಿಸಿದ್ರಂತೆ. ಬುದ್ಧ ಭಿಕ್ಷಾಪಾತ್ರೆ, ಚೀವರ (ಭಿಕ್ಷು ಉಡೋ ಬಟ್ಟೆ) ತಗೊಂಡು ಒಬ್ಬರೇ ಹೊರಟುಹೋದ್ರು. ಈ ಜಗಳ ಹೇಗೆ ಮುಗೀತು ಅನ್ನೋದನ್ನ ಕೊನೇಲಿ ಹೇಳ್ತೀನಿ.

ಈಗ ಆ ಚೊಂಬಿನ ರೂಲ್ ನೋಡಿ. ಶೌಚದ ಬಗ್ಗೆ ವಿನಯದಲ್ಲಿ ಇರೋ ವಿವರ ಓದಿದ್ರೆ ಇದನ್ನ ಬರೆದೋರು ಕಾಮನ್ ಬಾತ್‌ರೂಮ್ ಇರೋ ಜಾಗದಲ್ಲಿ ತುಂಬಾ ವರ್ಷ ಇದ್ದೋರು ಅಂತ ಗ್ಯಾರಂಟಿ ಗೊತ್ತಾಗುತ್ತೆ. ಹೊರಗೆ ನಿಂತು ಕೆಮ್ಮಬೇಕು. ಒಳಗಿರೋನು ತಿರುಗಿ ಕೆಮ್ಮಬೇಕು. ಚೀವರನ ಬಿದಿರಿಗೋ ಹಗ್ಗಕ್ಕೋ ನೇತುಹಾಕಿ ಒಳಗೆ ಹೋಗ್ಬೇಕು, ಧಡಾರಂತ ನುಗ್ಗಬಾರದು. ಮುಕ್ಕರಿಯೋ ಸದ್ದು ಮಾಡಬಾರದು. ಹಲ್ಲುಕಡ್ಡಿ ಅಗೀತಾ ಕೂತ್ಕೋಬಾರದು (ಈಗ ಆಗಿದ್ರೆ ಮೊಬೈಲ್ ನೋಡ್ತಾ ಅಂತ ಬರೀತಿದ್ರು). ಜಾಗ ಗಲೀಜಾಗಿದ್ರೆ ತೊಳೀಬೇಕು, ಯಾರು ಗಲೀಜು ಮಾಡಿದ್ದು ಅನ್ನೋ ಪ್ರಶ್ನೇನೇ ಇಲ್ಲ. ನೀರಿನ ಮಡಿಕೆ ಖಾಲಿಯಾಗಿದ್ರೆ ತುಂಬಬೇಕು. ಚೊಂಬಲ್ಲಿ ನೀರು ಉಳಿಸಿ ಬರಬಾರದು.

ಅಲ್ಲೇ ಇನ್ನೊಂದು ಕಥೆ ಇದೆ, ನಂಗೆ ತುಂಬಾ ಇಷ್ಟ. ಸಂಘದಲ್ಲಿ ಎಲ್ಲಾದಕ್ಕೂ ಸೀನಿಯಾರಿಟಿ, ಕೂತ್ಕೊಳೋದು, ನೀರು ತಗೊಳೋದು, ಊಟ ಬಡಿಸಿಕೊಳ್ಳೋದು, ಎಲ್ಲಾ ದೀಕ್ಷೆ ಆದ ಕ್ರಮದಲ್ಲಿ. ಭಿಕ್ಷುಗಳು ಅದೇ ರೂಲನ್ನ ಶೌಚಕ್ಕೂ ಹಚ್ಚಿದ್ರು. ಹೊಸ ಹುಡುಗರು ಮೊದಲೇ ಬಂದು ನಿಂತಿದ್ರೂ ಹಿರಿಯರು ಬಂದ ಹಾಗೆಲ್ಲ ದಾರಿ ಬಿಡ್ಬೇಕು, ತಡ್ಕೊಂಡು ತಡ್ಕೊಂಡು ತಲೆ ಸುತ್ತಿ ಬಿದ್ದೇಬಿಟ್ರಂತೆ. ವಿಷಯ ಬುದ್ಧನ ಕಿವಿಗೆ ಬಿತ್ತು. ಶೌಚಕ್ಕೆ ಮಾತ್ರ ಯಾರು ಮೊದಲು ಬರ್ತಾರೋ ಅವರು ಮೊದಲು ಅಂತ ಆಯ್ತು. ಎಷ್ಟು ದೊಡ್ಡ ಶಿಸ್ತು ಇದ್ರೂ ಹೊಟ್ಟೆಗೆ ಸೀನಿಯಾರಿಟಿ ಇಲ್ಲ ನೋಡಿ.

ಅಂದಹಾಗೆ ಈ ಸೀನಿಯಾರಿಟಿ ವಯಸ್ಸಿಂದೂ ಅಲ್ಲ, ಹುಟ್ಟಿಂದೂ ಅಲ್ಲ. ಶಾಕ್ಯ ರಾಜಕುಮಾರರು ದೀಕ್ಷೆ ತಗೊಳಕ್ಕೆ ಬಂದಾಗ, ತಮ್ಮ ಜೊತೆ ಬಂದ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ, ನಾವು ಅವನಿಗೆ ನಮಸ್ಕಾರ ಮಾಡೋ ಹಾಗಾಗ್ಲಿ, ನಮ್ಮ ಶಾಕ್ಯರ ಜಂಬ ಇಳೀಲಿ ಅಂತ ಅವರೇ ಕೇಳ್ಕೊಂಡ್ರು. ಬುದ್ಧ ತೀರಿಹೋದ ಮೇಲೆ ರಾಜಗೃಹದಲ್ಲಿ ಮೊದಲ ಸಂಗೀತಿ, ಅಂದ್ರೆ ಭಿಕ್ಷುಗಳ ಮಹಾಸಭೆ, ಸೇರಿದಾಗ ಇಡೀ ವಿನಯನ ಬಾಯಲ್ಲಿ ಒಪ್ಪಿಸಿದ್ದು ಇದೇ ಉಪಾಲಿ. ನಾನು ಈಗ ಹೇಳ್ತಿರೋ ಕಥೆಗಳೆಲ್ಲ ಆ ಕ್ಷೌರಿಕನ ಹೆಸರಲ್ಲೇ ಬಂದಿರೋದು.

ಥೇರವಾದದ (ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಪಂಥ) ಪಾತಿಮೋಕ್ಖದಲ್ಲಿ, ಅಂದ್ರೆ ನಿಯಮಗಳ ಪಟ್ಟಿಯಲ್ಲಿ, ಭಿಕ್ಷುಗಳಿಗೆ 227 ನಿಯಮ, ಭಿಕ್ಷುಣಿಯರಿಗೆ 311. ಚೀನಾ ಕಡೆ ನಡೆಯೋ ಧರ್ಮಗುಪ್ತಕ ಪಂಥದಲ್ಲಿ ಭಿಕ್ಷುಗಳಿಗೆ 250, ಟಿಬೆಟ್ ಪರಂಪರೆಯಲ್ಲಿ 253. ಸಂಖ್ಯೆ ಕೇಳಿದ್ರೆ ಯಾರೋ ಕೂತ್ಕೊಂಡು ಒಂದೇ ಸಲ ಸಂವಿಧಾನ ಬರೆದ ಹಾಗೆ ಅನ್ಸುತ್ತೆ, ಆದ್ರೆ ನಡೆದಿದ್ದೇ ಬೇರೆ. ಹಿರಿಯ ಶಿಷ್ಯ ಸಾರಿಪುತ್ರ ಒಂದ್ಸಲ ಬುದ್ಧನ್ನ ಕೇಳ್ತಾನೆ, ಈಗಲೇ ನಿಯಮ ಮಾಡಿಬಿಡಿ, ನಿಮ್ಮ ಬೋಧನೆ ಬಹಳ ಕಾಲ ಉಳಿಯುತ್ತೆ ಅಂತ. ಬುದ್ಧ ತಡಿ ಅಂತಾರೆ, ಸಂಘದಲ್ಲಿ ಕೊಳೆ ಕಾಣಿಸಿಕೊಂಡಾಗ ಮಾಡೋಣ. ಅಂದ್ರೆ ಎಡವಟ್ಟು ಮೊದಲು, ರೂಲು ಆಮೇಲೆ. ಹಾಗಾಗಿ ಪ್ರತಿ ನಿಯಮದ ಹಿಂದೆ ಯಾರೋ ಒಬ್ಬ ಮಾಡಿದ ಕಿತಾಪತಿ ಇದೆ. ಅದರಲ್ಲೂ ಷಡ್ವರ್ಗೀಯರು ಅಂತ ಆರು ಜನರ ಗ್ಯಾಂಗ್ ಒಂದಿತ್ತು, ಅವರು ಇಲ್ದೇ ಹೋಗಿದ್ರೆ ವಿನಯ ಪಿಟಕ ಅರ್ಧಕ್ಕೆ ಅರ್ಧ ತೆಳ್ಳಗಾಗ್ತಿತ್ತೇನೋ ಅಂತ ನಂಗೆ ಅನ್ಸುತ್ತೆ. ಇನ್ನೊಬ್ಬನ ಪಾತ್ರೆ, ಚೀವರ, ಸೂಜಿ ಡಬ್ಬಿ, ಸೊಂಟದ ಪಟ್ಟಿ ತಮಾಷೆಗೆ ಬಚ್ಚಿಡಬಾರದು ಅಂತ ಒಂದು ನಿಯಮ ಇದೆ ಅಂದ್ರೆ ಯಾರೋ ಬಚ್ಚಿಟ್ಟಿದ್ರು ಅಂತಾನೇ ಅರ್ಥ. ಕಚಗುಳಿ ಇಡಬಾರದು ಅಂತ ಇನ್ನೊಂದು. ಅದು ತಮಾಷೆ ಅನ್ಕೋಬೇಡಿ, ಕಚಗುಳಿ ಇಟ್ಟು ಇಟ್ಟು ಒಬ್ಬ ಹುಡುಗ ಉಸಿರುಗಟ್ಟಿ ಸತ್ತೇಹೋದ.

ಮಹಡಿ ಮೇಲೆ ಕಾಲು ಬಿಚ್ಚೋ ಮಂಚದ ಮೇಲೆ ಧೊಪ್ಪಂತ ಕೂರಬಾರದು ಅಂತ ಒಂದಿದೆ. ಯಾಕೆ? ಒಬ್ಬ ಕೂತ, ಮಂಚದ ಕಾಲು ಕಳಚಿ ಕೆಳಗಿದ್ದವನ ತಲೆ ಮೇಲೆ ಬಿತ್ತು. ಸಂಘದ ಮಂಚ ಹೊರಗೆ ಬಿಸಿಲಿಗೆ ಹಾಕಿ ಹಾಗೇ ಬಿಟ್ಟು ಹೋಗಬಾರದು, ಯಾಕೆ ಅಂದ್ರೆ ಹಾಗೆ ಬಿಟ್ಟು ಹೋದ್ರು, ಮಳೆ ಬಂತು. ಮೊದಲೇ ಒಬ್ಬರು ಇರೋ ರೂಮಲ್ಲಿ ನುಗ್ಗಿ ಹಾಸಿಗೆ ಹಾಕಿ "ಇಕ್ಕಟ್ಟಾದ್ರೆ ಅವನೇ ಎದ್ದು ಹೋಗ್ತಾನೆ" ಅಂತ ಪ್ಲಾನ್ ಮಾಡಬಾರದು. ಇದಂತೂ ರೈಲಲ್ಲಿ ಜನರಲ್ ಬೋಗಿ ಹತ್ತಿದವರೆಲ್ಲ ಮಾಡಿರೋ ಪಾಪ.

ಸ್ನಾನದ ಕಥೆ ಸ್ವಲ್ಪ ಉದ್ದ. ರಾಜಗೃಹದಲ್ಲಿ ತಪೋದ ಅಂತ ಬಿಸಿನೀರಿನ ಬುಗ್ಗೆಗಳು, ಇವತ್ತಿಗೂ ರಾಜಗೀರ್‌ಗೆ ಹೋದ್ರೆ ಬಿಸಿನೀರು ಬರುತ್ತೆ. ಮಗಧದ ರಾಜ ಬಿಂಬಿಸಾರ ತಲೆಸ್ನಾನ ಮಾಡೋಣ ಅಂತ ಬಂದ, ಭಿಕ್ಷುಗಳು ಸ್ನಾನ ಮಾಡ್ತಿದ್ರು, ದೊಡ್ಡ ಮನುಷ್ಯ ಪಾಪ ಕಾದ. ಇವರು ಕತ್ತಲಾದ್ರೂ ಏಳಲಿಲ್ಲ. ಕೊನೆಗೆ ರಾಜನ ಸ್ನಾನ ಮುಗಿಯೋ ಹೊತ್ತಿಗೆ ಊರಬಾಗಿಲು ಹಾಕಿಬಿಟ್ಟಿದ್ರು, ರಾಜ ತನ್ನ ಊರಿಂದ ಆಚೆ ರಾತ್ರಿ ಕಳೆದ. ಅವತ್ತಿಂದ 15 ದಿನಕ್ಕೊಮ್ಮೆ ಸ್ನಾನ ಅಂತ ಆಯ್ತು. ಆಮೇಲೆ ಶುರುವಾಯ್ತು ನೋಡಿ ವಿನಾಯಿತಿ, ಬೇಸಿಗೆಗೆ ಈ ಮಿತಿ ಬೇಡ, ಕಾಯಿಲೆ ಇದ್ರೆ ಬೇಡ, ಕೆಲಸ ಮಾಡಿ ಬೆವರಿದ್ರೆ ಬೇಡ, ಪ್ರಯಾಣ ಮಾಡಿದ್ರೆ ಬೇಡ, ಗಾಳಿ ಮಳೆಗೆ ಬೇಡ. ಕೊನೆಗೆ ಅವಂತಿ ಕಡೆಯಿಂದ ಸೋಣ ಅನ್ನೋ ಭಿಕ್ಷು ಬಂದು ನಮ್ಮ ಅವಂತಿ ದಕ್ಷಿಣಾಪಥದ ಜನ ಸ್ನಾನಕ್ಕೆ ಬಹಳ ಬೆಲೆ ಕೊಡ್ತಾರೆ, ಅಲ್ಲಿ ದಿನಾ ಸ್ನಾನಕ್ಕೆ ಪರ್ಮಿಷನ್ ಕೊಡಿ ಅಂತ ತನ್ನ ಗುರು ಹೇಳಿ ಕಳಿಸಿದ ಮನವಿ ಮುಟ್ಟಿಸಿದ, ಬುದ್ಧ ಮಧ್ಯದೇಶದ (ಗಂಗಾ ಬಯಲಿನ ಸೀಮೆ) ಆಚೆ ಇರೋರಿಗೆಲ್ಲ ಕೊಟ್ರು. ಅದೇ ಮನವಿಯಲ್ಲಿ ಇನ್ನೊಂದು ಇತ್ತು. ಪೂರ್ಣ ದೀಕ್ಷೆಗೆ 10 ಜನ ಭಿಕ್ಷುಗಳ ಕೋರಂ ಬೇಕು, ಅವಂತಿಯಲ್ಲಿ ಅಷ್ಟು ಜನ ಕೂಡಿಸಕ್ಕೆ ಸೋಣನ ವಿಷಯದಲ್ಲೇ ಮೂರು ವರ್ಷ ಹಿಡೀತು. ಅದನ್ನೂ ಗಡಿನಾಡಿಗೆ 5ಕ್ಕೆ ಇಳಿಸಿದ್ರು. ಕಲ್ಲಲ್ಲಿ ಕೆತ್ತಿದ ಶಾಸನ ಅಂತ ನಾವು ಅನ್ಕೊಂಡಿರೋದು ಇಷ್ಟು ಬಾಗುತ್ತೆ.

ಈಗ ಊಟಕ್ಕೆ ಬರೋಣ. 75 ಸೇಖಿಯ ನಿಯಮ ಅಂತ ಇವೆ, ಸಣ್ಣ ಸಣ್ಣ ನಡವಳಿಕೆ, ಅದರಲ್ಲಿ 30 ಬರೀ ಊಟದ್ದೇ. ಬಾಯಿ ತುಂಬ ತುತ್ತು ಇಟ್ಕೊಂಡು ಮಾತಾಡಬಾರದು, ಕೆನ್ನೆ ಉಬ್ಬಿಸಿ ತಿನ್ನಬಾರದು, ಎಂಜಲು ಕೈಯಲ್ಲಿ ನೀರಿನ ಪಾತ್ರೆ ಹಿಡೀಬಾರದು (ನಮ್ಮಜ್ಜಿ ಯಾವ ಪಿಟಕಾನೂ ಓದಿರ್ಲಿಲ್ಲ, ಇದನ್ನ ದಿನಾ ಹೇಳ್ತಿದ್ರು). ಪಕ್ಕದವನ ಪಾತ್ರೇಲಿ ಏನ್ ಬಿತ್ತು ಅಂತ ತಪ್ಪು ಹುಡುಕೋ ಕಣ್ಣಲ್ಲಿ ನೋಡಬಾರದು. ಇನ್ನೊಂದು ಕೇಳಿ, ಜಾಸ್ತಿ ಸಿಗಲಿ ಅಂತ ಪಲ್ಯನ ಅನ್ನದ ಕೆಳಗೆ ಮುಚ್ಚಿಡಬಾರದು! ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಪಲ್ಯ ಅನ್ನದೊಳಗೆ ಹೂತಿಟ್ಟು "ನಂಗೆ ಪಲ್ಯಾನೇ ಹಾಕಿಲ್ಲ" ಅಂತ ಮುಖ ಮಾಡ್ಕೊಂಡು ಕೂತಿದ್ದ ಅಂತ ನೆನೆಸಿಕೊಂಡ್ರೆ ನಂಗೆ ಆ ಭಿಕ್ಷು ಮೇಲೆ ಎಷ್ಟು ಪ್ರೀತಿ ಬರುತ್ತೆ ಗೊತ್ತಾ.

ಪಾಲಿಯಲ್ಲಿ ಚಪುಚಪು ಸದ್ದು ಮಾಡಿ ತಿನ್ನಬಾರದು, ಸುರುಸುರು ಅಂತ ಎಳೀಬಾರದು ಅಂತಾನೇ ಇದೆ, ನಮ್ಮ ಚಪಚಪ ಸೊರಸೊರ. ಭಾಷಾಂತರಾನೇ ಬೇಡ. ಸುರುಸುರು ಕಥೆ ನಡೆದಿದ್ದು ಮತ್ತೆ ಕೌಶಾಂಬಿಯಲ್ಲೇ. ಒಬ್ಬ ಬ್ರಾಹ್ಮಣ ಸಂಘಕ್ಕೆ ಹಾಲಿನ ಪಾನೀಯ ಕೊಟ್ಟ, ಭಿಕ್ಷುಗಳೆಲ್ಲ ಸಾಲಾಗಿ ಕೂತು ಸೊರ್ರ್ ಅಂತ ಕುಡಿದ್ರು. ಅವರಲ್ಲಿ ಒಬ್ಬ ಮೊದಲು ನಟನಾಗಿದ್ದವನು, ಸುಮ್ನಿರಕ್ಕೆ ಆಗುತ್ತಾ, "ಇಡೀ ಸಂಘಕ್ಕೇ ಚಳಿ ಹಿಡಿದ ಹಾಗಿದೆ" ಅಂದ. ಬುದ್ಧ ಎರಡು ರೂಲ್ ಮಾಡಿದ್ರು, ಸೊರಸೊರ ಮಾಡಬಾರದು ಅನ್ನೋದು ಒಂದು, ಸಂಘದ ಬಗ್ಗೆ ಜೋಕ್ ಹೊಡೀಬಾರದು ಅನ್ನೋದು ಇನ್ನೊಂದು. ಎರಡನೇದರ ಪ್ರಕಾರ ನನ್ನ ಇವತ್ತಿನ ಉಪನ್ಯಾಸ ಫೇಲ್, ಆದ್ರೆ ನಾನು ಭಿಕ್ಷು ಅಲ್ವಲ್ಲ.

ಒಂದು ಮಾತು ಇಲ್ಲಿ ಹೇಳ್ಬೇಕು. ಭಿಕ್ಷು ಮಣ್ಣು ಅಗೆಯೋ ಹಾಗಿಲ್ಲ, ಗಿಡ ಕೀಳೋ ಹಾಗಿಲ್ಲ, ದುಡ್ಡು ಮುಟ್ಟೋ ಹಾಗಿಲ್ಲ, ಮಧ್ಯಾಹ್ನ ದಾಟಿದ ಮೇಲೆ ಊಟ ಇಲ್ಲ, ಇವತ್ತಿನ ಅನ್ನ ನಾಳೆಗೆ ಎತ್ತಿಡೋ ಹಾಗೂ ಇಲ್ಲ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇವು ಔಷಧಿ ಲೆಕ್ಕ, ಇವನ್ನ 7 ದಿನ ಇಟ್ಕೋಬಹುದು ಅಷ್ಟೇ. ಬುದ್ಧ ಹೋಗಿ ನೂರು ವರ್ಷ ಆದ್ಮೇಲೆ ವೈಶಾಲಿಯಲ್ಲಿ ನಡೆದ ಎರಡನೇ ಸಂಗೀತಿಯಲ್ಲಿ ಜಗಳಕ್ಕಿದ್ದ ಹತ್ತು ವಿಷಯದಲ್ಲಿ ಒಂದು, ಕೊಂಬಲ್ಲಿ ಉಪ್ಪು ಎತ್ತಿಟ್ಟುಕೋಬಹುದಾ ಅನ್ನೋದು. ಉಪ್ಪು! ಇದನ್ನ ಓದಿ ನಾನೂ ಮೊದಲು ನಕ್ಕಿದ್ದೆ. ಆಮೇಲೆ ಹೊಳೀತು, ಇವತ್ತು ಒಂದು ಚಿಟಿಕೆ ಉಪ್ಪು ಎತ್ತಿಟ್ರೆ ನಾಳೆ ಅಕ್ಕಿ, ನಾಡಿದ್ದು ಉಗ್ರಾಣ, ಅದಕ್ಕೆ ಬೀಗ, ಬೀಗದ ಕೈ ಯಾರ ಹತ್ರ ಅಂತ ಜಗಳ. ಈ ಸಿಸ್ಟಮ್‌ನ ಬೇಕಂತಾನೇ ಹೀಗೆ ಮಾಡಿರೋದು, ಭಿಕ್ಷು ದಿನಾ ಬೆಳಿಗ್ಗೆ ಊರೊಳಗೆ ಬರಲೇಬೇಕು, ಜನ ಅವನ ಮುಖ ನೋಡಲೇಬೇಕು. ಕಾಡಲ್ಲಿ ಕೂತು ನಂಗೆ ಯಾರೂ ಬೇಡ ಅನ್ನೋ ಹಾಗಿಲ್ಲ.

ಚೀನಾಕ್ಕೆ ಹೋದಾಗ ಇದು ತಿರುಗಾಮುರುಗಾ ಆಯ್ತು. ಬೈಜಾಂಗ್ ಅಂತ ಚಾನ್ (ಜಪಾನಲ್ಲಿ ಝೆನ್ ಅಂತಾರೆ) ಗುರು, 720ರಿಂದ 814ರವರೆಗೆ ಇದ್ದವರು ಅಂತಾರೆ, ಮುದುಕ ಆದ್ರೂ ದಿನಾ ಗುದ್ದಲಿ ಹಿಡಿದು ಹೊಲಕ್ಕೆ ಹೋಗ್ತಿದ್ರು. ಶಿಷ್ಯರು ಪಾಪ ಅಂತ ಗುದ್ದಲಿ ಬಚ್ಚಿಟ್ರು. ಅವತ್ತು ಅವರು ಊಟಾನೇ ಮಾಡಲಿಲ್ಲ, ಒಂದಿನ ಕೆಲಸ ಇಲ್ಲ ಅಂದ್ರೆ ಒಂದಿನ ಊಟ ಇಲ್ಲ ಅಂದ್ರು. ಜಪಾನಿನ ಝೆನ್ ಭಿಕ್ಷು ದೋಗೆನ್ 1223ರಲ್ಲಿ ಚೀನಾಕ್ಕೆ ಹೋಗಿದ್ದಾಗ, ಟಿಯಾಂಟಾಂಗ್ ಮಠದ ಅಡುಗೆ ಮುಖ್ಯಸ್ಥರು ಉರಿಬಿಸಿಲಲ್ಲಿ ಅಣಬೆ ಒಣಗಿಸ್ತಿದ್ದನ್ನ ನೋಡಿದ್ರು. ಕೈಯಲ್ಲಿ ಬಿದಿರಿನ ಕೋಲು, ತಲೆ ಮೇಲೆ ಟೋಪಿ ಇಲ್ಲ, ಕಾಲ ಕೆಳಗಿನ ಹಾಸು ಕಾದು ಸುಡ್ತಿದೆ. ವಯಸ್ಸು 68. ಆಳುಗಳ ಹತ್ರ ಮಾಡಿಸಬಾರದಾ ಅಂದ್ರೆ, "ಆಳುಗಳು ನಾನಲ್ವಲ್ಲ" ಅಂದ್ರು. ಇಷ್ಟು ಬಿಸಿಲಲ್ಲಿ ಯಾಕೆ ಅಂದ್ರೆ, ಇನ್ಯಾವಾಗ ಅಂತ ಕಾಯಲಿ ಅಂದ್ರು. ಅಣಬೆ ಒಣಗೋದು ಬಿಸಿಲಲ್ಲೇ ತಾನೇ.

ನಾನೂ ಒಂದು ವಿಹಾರದಲ್ಲಿ ಹತ್ತು ದಿನ ಇದ್ದೆ, ಯಾವುದು ಅಂತ ಹೇಳಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಪಠಣ, ಧ್ಯಾನ, ಆಮೇಲೆ ಪಿಂಡಪಾತ, ಅಂದ್ರೆ ಪಾತ್ರೆ ಹಿಡಿದು ಭಿಕ್ಷೆಗೆ ಹೋಗೋದು, ಒಂದೇ ಹೊತ್ತು ಊಟ, ಸಾಯಂಕಾಲ ಎಲ್ಲರೂ ಉದ್ದ ಪೊರಕೆ ಹಿಡಿದು ಎಲೆ ಗುಡಿಸೋದು. ನಾನು ಧ್ಯಾನ ಕಲಿಯಕ್ಕೆ ಬಂದಿದ್ದು, ಪೊರಕೆ ಯಾಕೆ ಅಂತ ಒಳಗೊಳಗೇ ಗೊಣಗ್ತಿದ್ದೆ. ಮೂರನೇ ದಿನ ಸ್ನಾನ ಮಾಡಿ ಬಂದೆ, ಯಾಕೋ ಹಿಂದೆ ತಿರುಗಿ ನೋಡಿದ್ರೆ ವಯಸ್ಸಾದ ಒಬ್ರು ಭಿಕ್ಷು ನಾನು ಬಿಟ್ಟು ಬಂದಿದ್ದ ಮಗ್ ಎತ್ತಿ, ಅದರಲ್ಲಿದ್ದ ಒಂದು ಗುಟುಕು ನೀರು ಗಿಡಕ್ಕೆ ಚೆಲ್ಲಿ, ಮಗ್ಗನ್ನ ಕಲ್ಲಿನ ಮೇಲೆ ಬೋರಲು ಹಾಕಿ, ಖಾಲಿ ಬಕೆಟ್‌ಗೆ ನಲ್ಲಿ ತಿರುಗಿಸಿ, ತುಂಬೋವರೆಗೂ ಅಲ್ಲೇ ನಿಂತಿದ್ರು. ನನ್ನ ಕಡೆ ನೋಡಲೂ ಇಲ್ಲ, ಏನೂ ಹೇಳಲೂ ಇಲ್ಲ. ಆಗ ನಾನು ಕೌಶಾಂಬಿ ಕಥೆ ಓದಿರ್ಲಿಲ್ಲ. ಓದಿದ ದಿನ ಕಿವಿ ಬಿಸಿಯಾಯ್ತು.

ರೂಮು ಹಂಚೋದು ಇದೆಯಲ್ಲ, ಅದು ತಲೆನೋವಿನ ಕೆಲಸ. ಮಲ್ಲರ ಮನೆತನದ ದಬ್ಬ ಅನ್ನೋ ಭಿಕ್ಷು ರಾಜಗೃಹದಲ್ಲಿ ಈ ಜವಾಬ್ದಾರಿ ತಾನೇ ಕೇಳಿ ತಗೊಂಡ. ಅವನ ಐಡಿಯಾ ನೋಡಿ, ಸೂತ್ರ ಬಾಯಿಪಾಠ ಮಾಡೋರನ್ನ ಒಂದು ಕಡೆ ಹಾಕಿದ, ವಿನಯ ಚರ್ಚೆ ಮಾಡೋರನ್ನ ಇನ್ನೊಂದು ಕಡೆ, ಧ್ಯಾನಿಗಳನ್ನ ಬೇರೆ ಕಡೆ, ಕಾಡುಹರಟೆ ಹೊಡೀತಾ ಮೈ ಬೆಳೆಸಿಕೊಂಡಿರೋರನ್ನೂ ಒಟ್ಟಿಗೇ ಒಂದು ಕಡೆ, ಅವರೂ ಖುಷಿಯಾಗಿರಲಿ ಅಂತ. ಯಾವ ಹಾಸ್ಟೆಲ್ ವಾರ್ಡನ್‌ಗೂ ಇಷ್ಟು ಬುದ್ಧಿ ಇರೋದನ್ನ ನಾನು ಕಂಡಿಲ್ಲ. ರಾತ್ರಿ ಲೇಟಾಗಿ ಬಂದವರಿಗೆ ಬೆರಳಲ್ಲೇ ಬೆಳಕು ಮಾಡಿ ದಾರಿ ತೋರಿಸ್ತಿದ್ದ ಅಂತ ಬೇರೆ ಇದೆ, ಅದನ್ನ ನೋಡೋ ಆಸೆಗೇ ಕೆಲವರು ಬೇಕಂತ ಕತ್ತಲಾದ್ಮೇಲೆ ಬಂದು ಅಷ್ಟು ದೂರದ ಬೆಟ್ಟದಲ್ಲೇ ರೂಮ್ ಬೇಕು ಅಂತಿದ್ರಂತೆ. ಇಷ್ಟೆಲ್ಲಾ ಮಾಡಿದ್ರೂ, ಕೆಟ್ಟ ರೂಮು ಕೆಟ್ಟ ಊಟ ಬಂತು ಅಂತ ಇಬ್ಬರು ಅವನ ಮೇಲೆ ಹೊಲಸು ಆರೋಪ ಹೊರಿಸಿದ್ರು. ಆರೋಪ ಸುಳ್ಳು ಅಂತ ಗೊತ್ತಾಯ್ತು, ಸುಳ್ಳು ಆರೋಪಕ್ಕೆ ಒಂದು ಗಟ್ಟಿ ನಿಯಮಾನೂ ಬಂತು.

ತೀರ್ಮಾನ ಆಗೋ ರೀತಿ ಸರಳ. ಒಬ್ಬ ಎದ್ದು ವಿಷಯ ಮಂಡಿಸ್ತಾನೆ, ದೊಡ್ಡ ವಿಷಯ ಆದ್ರೆ ಮೂರು ಸಲ ಕೇಳ್ತಾನೆ, ಒಪ್ಪಿದವರು ಸುಮ್ಮನಿರಿ, ಒಪ್ಪದವರು ಮಾತಾಡಿ. ಮೌನ ಅಂದ್ರೆ ಒಪ್ಪಿಗೆ. ಒಬ್ಬ ಬಾಯಿ ಬಿಟ್ರೂ ನಿಂತುಹೋಗುತ್ತೆ. ಜಗಳ ಬಗೆಹರಿಯದೇ ಇದ್ರೆ ಕಡ್ಡಿ ಹಂಚಿ ಮತ ಎಣಿಸೋ ಪದ್ಧತೀನೂ ಇತ್ತು, ಅದಕ್ಕೆ ಶಲಾಕೆ ಅಂತಾರೆ.

ಅಮಾವಾಸ್ಯೆ ಹುಣ್ಣಿಮೆಗೆ ಉಪೋಸಥ, ಅಂದ್ರೆ ಸಂಘ ಒಟ್ಟಿಗೆ ಸೇರೋ ದಿನ. ಕನಿಷ್ಠ ನಾಲ್ಕು ಜನ ಸೇರಿದ್ರೆ ಒಬ್ಬರು ಪೂರ್ತಿ ಪಾತಿಮೋಕ್ಖ ಬಾಯಲ್ಲಿ ಒಪ್ಪಿಸ್ತಾರೆ. ಅದಕ್ಕೂ ಮುಂಚೆ ಇಬ್ಬಿಬ್ಬರು ಎದುರುಬದುರು ಕೂತು ತಮ್ಮ ತಮ್ಮ ತಪ್ಪು ಹೇಳ್ಕೋತಾರೆ. ಎಷ್ಟು ಚಿಕ್ಕದು ಗೊತ್ತಾ ಅದು. "ತಪ್ಪು ಕಾಣ್ತಿದೆಯಾ?" "ಹೂಂ, ಕಾಣ್ತಿದೆ." "ಮುಂದೆ ಹುಷಾರಾಗಿರು." "ಸರಿ, ಹುಷಾರಾಗಿರ್ತೀನಿ." ಮುಗೀತು. ಅಳೋದಿಲ್ಲ, ಭಾಷಣ ಇಲ್ಲ, ಕ್ಷಮಿಸಿದೆ ಅಂತ ಯಾರೂ ದೊಡ್ಡಸ್ತಿಕೆ ತೋರಿಸಲ್ಲ. ಗಂಡ ಹೆಂಡತಿ ಇದನ್ನ ಹದಿನೈದು ದಿನಕ್ಕೊಮ್ಮೆ ಮಾಡಿದ್ರೆ ಹೇಗಿರುತ್ತೆ ಅಂತ ಸಭೆಯಲ್ಲಿ ಕೇಳಿದೆ, ಹಿಂದಿನ ಸಾಲಿನಿಂದ ಯಾರೋ "ಹದಿನೈದು ದಿನದ್ದು ಒಂದೇ ದಿನದಲ್ಲಿ ಮುಗಿಯಲ್ಲ ಸಾರ್" ಅಂದ್ರು.

ಮೌನದ ಬಗ್ಗೆ ನಾನು ಅವತ್ತು ಜಾಸ್ತಿ ಹೊತ್ತು ಮಾತಾಡಿದೆ, ಯಾಕಂದ್ರೆ ಮೌನ ಅಂದ್ರೇನೇ ವಿಹಾರ ಅಂತ ನಾವೆಲ್ಲ ತಿಳ್ಕೊಂಡಿದೀವಿ. ಕೋಸಲದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಟ್ಟಿಗೆ ಇರ್ಬೇಕಾಯ್ತು, ಜಗಳ ಆಗದ ಹಾಗೆ ಇರೋದು ಹೇಗೆ ಅಂತ ಯೋಚಿಸಿ, ಮಾತೇ ಆಡೋದು ಬೇಡ ಅಂತ ತೀರ್ಮಾನ ಮಾಡಿದ್ರು. ಪಿಂಡಪಾತದಿಂದ ಮೊದಲು ಬಂದವನು ಆಸನ ಹಾಕ್ತಾನೆ, ಕಾಲು ತೊಳೆಯೋ ನೀರು ಇಡ್ತಾನೆ, ಕೊನೇಲಿ ಬಂದವನು ಉಳಿದಿದ್ದು ತಿಂದು ಪಾತ್ರೆ ತೊಳೆದು ಜಾಗ ಗುಡಿಸ್ತಾನೆ, ಮಡಿಕೆ ಖಾಲಿ ಕಂಡವನು ತುಂಬ್ತಾನೆ, ಒಬ್ಬನ ಕೈಲಿ ಎತ್ತಕ್ಕೆ ಆಗದಿದ್ರೆ ಕೈಸನ್ನೆ ಮಾಡಿ ಇನ್ನೊಬ್ಬನ್ನ ಕರೀತಾನೆ. ಮೂರು ತಿಂಗಳು ಒಂದು ಜಗಳ ಇಲ್ಲ. ಖುಷಿಯಾಗಿ ಬುದ್ಧನ ಹತ್ರ ಹೋಗಿ ಹೇಳಿದ್ರು. ಬುದ್ಧ ಬೈದ್ರು! ದನಗಳ ಹಾಗೆ, ಕುರಿಗಳ ಹಾಗೆ ಒಟ್ಟಿಗೆ ಇದ್ದು ಬಂದಿದೀರಿ, ಅದನ್ನ ಸುಖವಾಗಿದ್ವಿ ಅಂತೀರಾ, ಮೂಕವ್ರತ ಬೇಡ ಅಂದ್ರು. ಅದರ ಬದಲು ಪವಾರಣ ತಂದ್ರು. ಮಳೆಗಾಲ ಮುಗಿದ ದಿನ ಪ್ರತಿಯೊಬ್ಬರೂ, ಅತಿ ಹಿರಿಯರಿಂದ ಶುರುವಾಗಿ, ಕುಕ್ಕರಗಾಲಲ್ಲಿ ಕೂತು ಕೈಮುಗಿದು ಕೇಳ್ಬೇಕು, ನನ್ನಲ್ಲಿ ನೀವು ನೋಡಿದ್ದು, ಕೇಳಿದ್ದು, ಅನುಮಾನ ಪಟ್ಟಿದ್ದು ಏನಾದ್ರೂ ಇದ್ರೆ ದಯವಿಟ್ಟು ಹೇಳಿ. ಮೂರು ಸಲ. ಹಿರಿಯರು ಮೊದಲು ಕೇಳ್ಕೋಬೇಕು ಅನ್ನೋದನ್ನ ಗಮನಿಸಿ.

ತಮಾಷೆ ಅಂದ್ರೆ ಅನುರುದ್ಧ, ನಂದಿಯ, ಕಿಂಬಿಲ ಅಂತ ಮೂವರು ಮಾಡ್ತಿದ್ದೂ ಥೇಟ್ ಇದೇ ವ್ಯವಸ್ಥೆ, ಅದೇ ಆಸನ, ಅದೇ ಮಡಿಕೆ, ಅದೇ ಕೈಸನ್ನೆ. ಕೌಶಾಂಬಿ ಬಿಟ್ಟು ಹೊರಟ ಬುದ್ಧ ದಾರಿಯಲ್ಲಿ ಇವರ ಹತ್ರ ಬಂದಾಗ, ಹಾಲು ನೀರು ಬೆರೆತ ಹಾಗೆ ಇದೀವಿ ಅಂದ್ರು, ಬುದ್ಧ ಮೆಚ್ಚಿಕೊಂಡ್ರು. ವ್ಯತ್ಯಾಸ ಎಲ್ಲಿ? ಇವರು ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧರ್ಮದ ಬಗ್ಗೆ ಮಾತಾಡ್ತಿದ್ರು.

ಕಾಯಿಲೆಯವನ ಕಥೆ ನಿಮಗೆ ಗೊತ್ತಿರಬಹುದು. ಭೇದಿಯಾಗಿ ಒಬ್ಬ ತನ್ನ ಗಲೀಜಲ್ಲೇ ಬಿದ್ದಿದ್ದ, ಬುದ್ಧ ಮತ್ತು ಅವರ ಶಿಷ್ಯ ಆನಂದ ರೂಮುಗಳನ್ನ ನೋಡ್ಕೊಂಡು ಬರ್ತಾ ಕಂಡ್ರು. ಬುದ್ಧ ನೀರು ಹಾಕಿದ್ರು, ಆನಂದ ತೊಳೆದ, ಬುದ್ಧ ತಲೆ ಕಡೆ ಆನಂದ ಕಾಲ ಕಡೆ ಹಿಡಿದು ಮಂಚದ ಮೇಲೆ ಮಲಗಿಸಿದ್ರು. ಯಾಕೆ ಯಾರೂ ನೋಡ್ಕೊಂಡಿಲ್ಲ ಅಂದ್ರೆ ಆ ಭಿಕ್ಷು ಹೇಳಿದ, ನನ್ನಿಂದ ಇವರಿಗೆ ಏನೂ ಉಪಯೋಗ ಇರ್ಲಿಲ್ಲ. ಆ ಮಾತು ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ನಿಮಗೆ ಇಲ್ಲಿ ತಾಯಿ ಇಲ್ಲ ತಂದೆ ಇಲ್ಲ, ನೀವು ನೀವೇ ನೋಡ್ಕೊಳ್ಳದಿದ್ರೆ ಯಾರು ನೋಡ್ತಾರೆ, ನನ್ನ ಸೇವೆ ಮಾಡ್ಬೇಕು ಅನ್ನೋರು ಕಾಯಿಲೆಯವನ ಸೇವೆ ಮಾಡಿ ಅಂದ್ರು ಬುದ್ಧ. ಇದರ ಜೊತೆ ಪ್ರಾಕ್ಟಿಕಲ್ ಆಗಿ ಇನ್ನೊಂದೂ ಸೇರ್ತು, ಭಿಕ್ಷು ಸತ್ತರೆ ಅವನ ಪಾತ್ರೆ ಚೀವರ ಕೊನೇವರೆಗೂ ನೋಡ್ಕೊಂಡವರಿಗೆ ಕೊಡಬೇಕು ಅಂತ. ಬರೀ ಕರುಣೆ ಮೇಲೆ ಬಿಟ್ರೆ ನಡೆಯಲ್ಲ ಅಂತ ಗೊತ್ತಿತ್ತು ಅವರಿಗೆ.

ಎಲ್ಲಾ ಚೆನ್ನಾಗಿತ್ತು ಅಂತ ಹೇಳಿ ಹೋಗಿಬಿಡೋದು ಸರಿಯಲ್ಲ. 100 ವರ್ಷ ದೀಕ್ಷೆಯಾದ ಭಿಕ್ಷುಣಿ ಕೂಡ ಅವತ್ತು ದೀಕ್ಷೆಯಾದ ಭಿಕ್ಷುಗೆ ಎದ್ದು ನಮಸ್ಕಾರ ಮಾಡ್ಬೇಕು ಅಂತ ನಿಯಮ. ಕ್ಷೌರಿಕನ ಮುಂದೆ ರಾಜಕುಮಾರರನ್ನ ಬಗ್ಗಿಸಿದ ಸಂಘ ಇದು. ಬುದ್ಧನ್ನ ಸಾಕಿದ ತಾಯಿ ಮಹಾಪ್ರಜಾಪತಿಯೇ ಆಮೇಲೆ ಆನಂದನ ಮೂಲಕ ಕೇಳಿಸ್ತಾಳೆ, ನಮಸ್ಕಾರ ಸೀನಿಯಾರಿಟಿ ಪ್ರಕಾರ ಆಗಲಿ ಅಂತ. ಆಗಲ್ಲ ಅನ್ನೋ ಉತ್ತರ ಬರುತ್ತೆ. ಸಮರ್ಥನೆ ಕೊಡೋರು ಬಹಳ ಕೊಡ್ತಾರೆ, ನಂಗೆ ಒಂದೂ ಗಂಟಲಲ್ಲಿ ಇಳಿದಿಲ್ಲ. ಥೇರವಾದದಲ್ಲಿ ಭಿಕ್ಷುಣಿ ಪರಂಪರೆ ನಿಂತೇ ಹೋಗಿತ್ತು, 1996ರಲ್ಲಿ ಸಾರನಾಥದಲ್ಲಿ, 1998ರಲ್ಲಿ ಬೋಧಗಯೆಯಲ್ಲಿ ಶ್ರೀಲಂಕಾದ ಹೆಂಗಸರು ದೀಕ್ಷೆ ತಗೊಂಡು ಮತ್ತೆ ಶುರು ಮಾಡಿದ್ರು, ಥಾಯ್ಲೆಂಡಿನ ಅಧಿಕೃತ ಸಂಘ ಇವತ್ತಿಗೂ ಒಪ್ಪಿಲ್ಲ. ಭಿಕ್ಷುಣಿಯರ ನಿಯಮಗಳಲ್ಲೂ ಮಜಾ ಕಥೆ ಇವೆ. ಒಬ್ಬಳು ಗೋಡೆ ಆಚೆ ಗಲೀಜು ಎಸೆದ್ಲು, ಅದು ಸ್ನಾನ ಮಾಡಿ ಅರಮನೆಗೆ ಕೆಲಸ ಕೇಳಕ್ಕೆ ಹೊರಟಿದ್ದ ಬ್ರಾಹ್ಮಣನ ತಲೆ ಮೇಲೇ ಬಿತ್ತು. ಅವನು ವಿಹಾರಕ್ಕೇ ಬೆಂಕಿ ಹಚ್ತೀನಿ ಅಂತ ಕೊಳ್ಳಿ ಹಿಡಿದು ಬಂದ. ಒಬ್ಬ ಉಪಾಸಕ ಸಮಯಕ್ಕೆ ಸರಿಯಾಗಿ "ಇದು ಶುಭ ಶಕುನ, ಸಾವಿರಾನೂ ಸಿಗುತ್ತೆ ಕೆಲಸಾನೂ ಸಿಗುತ್ತೆ" ಅಂದ. ಮತ್ತೆ ಸ್ನಾನ ಮಾಡಿ ಹೋದ, ಎರಡೂ ಸಿಕ್ತು. ಆದ್ರೂ ನಿಯಮ ಬಂತು, ಗೋಡೆ ಆಚೆ ಎಸೀಬಾರದು.

ಸರಿ, ಕೌಶಾಂಬಿ. ಬುದ್ಧ ಹೊರಟುಹೋದ ಮೇಲೆ ಊರ ಜನಕ್ಕೆ ಸಿಟ್ಟು ಬಂತು, ಇವರಿಂದಾನೇ ಭಗವಾನ್ ಹೋಗಿಬಿಟ್ರು ಅಂತ. ಬೈಲಿಲ್ಲ, ಹೊಡೀಲಿಲ್ಲ, ನಮಸ್ಕಾರ ನಿಲ್ಲಿಸಿದ್ರು, ಎದ್ದು ನಿಲ್ಲೋದು ಬಿಟ್ರು, ಪಾತ್ರೆಗೆ ಅನ್ನ ಹಾಕೋದು ನಿಲ್ಲಿಸಿದ್ರು. ಉಪ್ಪು ಕೂಡ ಎತ್ತಿಡೋ ಹಾಗಿಲ್ಲದವರಿಗೆ ಎಷ್ಟು ದಿನ ಆಗುತ್ತೆ? ಎರಡೂ ಬಣ ಗಂಟುಮೂಟೆ ಕಟ್ಟಿ ಶ್ರಾವಸ್ತಿಗೆ ಬುದ್ಧನ ಹತ್ರ ಹೊರಟ್ರು. ಅವರು ಬರ್ತಿದಾರೆ ಅಂತ ಸುದ್ದಿ ಬಂದಾಗ ಅನಾಥಪಿಂಡಿಕ ಅನ್ನೋ ಅಲ್ಲಿನ ದಾಯಕ, ನಾವು ಹೇಗೆ ನಡ್ಕೋಬೇಕು ಅಂತ ಕೇಳ್ದ, ಎರಡೂ ಕಡೆಗೆ ದಾನ ಕೊಡು, ಎರಡೂ ಕಡೆಯವರ ಮಾತು ಕೇಳು ಅಂದ್ರು ಬುದ್ಧ. ಇರಕ್ಕೆ ಬೇರೆ ರೂಮು ಕೊಡಿಸಿದ್ರು, ಊಟ ಮಾತ್ರ ಎಲ್ಲರಿಗೂ ಸಮನಾಗಿ ಹಂಚಿಸಿದ್ರು. (ಬಹಳ ವರ್ಷ ಆದ್ಮೇಲೆ ಅಶೋಕ ಇಷ್ಟು ತಾಳ್ಮೆ ತೋರಿಸಲಿಲ್ಲ, ಸಂಘ ಒಡೆಯೋ ಭಿಕ್ಷು ಭಿಕ್ಷುಣಿಗೆ ಬಿಳಿ ಬಟ್ಟೆ ಉಡಿಸಿ ವಿಹಾರದಿಂದ ಆಚೆ ಹಾಕಿ ಅಂತ ಸಾರನಾಥ, ಸಾಂಚಿಯಲ್ಲಿ ಶಾಸನ ಕೆತ್ತಿಸಿದ, ಕೌಶಾಂಬಿಯ ಮಹಾಮಾತ್ರ ಅನ್ನೋ ಅಧಿಕಾರಿಗಳಿಗೂ ಒಂದು.)

ಅಲ್ಲಿ ಆ ಅಮಾನತಾದ ಭಿಕ್ಷು ಒಬ್ಬನೇ ಕೂತು ಧರ್ಮ ವಿನಯ ಎರಡನ್ನೂ ತಿರುವಿಹಾಕಿ ನೋಡ್ದ. ಆಮೇಲೆ ತನ್ನ ಬಣದವರ ಹತ್ರ ಬಂದು, ಅದು ಆಪತ್ತಿನೇ ಕಣ್ರಪ್ಪ, ಆಪತ್ತಿ ಅಲ್ಲ ಅನ್ನೋ ಹಾಗಿಲ್ಲ, ನನ್ನನ್ನ ವಾಪಸ್ ಸೇರಿಸಿಕೊಳ್ಳಕ್ಕೆ ಹೇಳಿ ಅಂದ. ಅಮಾನತು ಮಾಡಿದವರು ಅದನ್ನ ತೆಗೆದ್ರು. ಅವತ್ತು ಅಮಾವಾಸ್ಯೆನೋ ಹುಣ್ಣಿಮೆನೋ ಅಂತ ಕಾಯಬೇಕಾಗಿಲ್ಲ, ಒಡೆದ ಸಂಘ ಕೂಡಿದ ದಿನವೇ ಉಪೋಸಥ ಮಾಡಬಹುದು. ಬೇರೆ ದಿನ ಹುಷಾರಿಲ್ಲದವರು ನನ್ನ ಒಪ್ಪಿಗೆ ಇದೆ ಅಂತ ಇನ್ನೊಬ್ಬರ ಹತ್ರ ಹೇಳಿ ಕಳಿಸಿದ್ರೆ ಸಾಕು. ಈ ಒಂದು ದಿನ ಮಾತ್ರ ಹಾಗೆ ನಡೆಯಲ್ಲ, ಕಾಯಿಲೆ ಬಿದ್ದು ಮಲಗಿರೋರೂ ಸೇರಿ ಅಷ್ಟೂ ಜನ ಒಂದೇ ಜಾಗಕ್ಕೆ ಬಂದು ಕೂತ್ಕೋಬೇಕು.